ಜಂತ್ರಡಿ ಗೆದ್ದ ಮಾಸ್ತಪ್ಪ

ಸಮುದ್ರ ಹತ್ತಿರವಾಗಿ ಹೊಳೆ ಉಪ್ಪಾಗುವ ಜಾಗದಲ್ಲಿ ಒಂದು ಊರಿತ್ತು. ಆ ಊರಿನ ಗದ್ದೆಗಳಿಗೆ ಆರು ತಿಂಗಳು ಗಡಿ ಇರುತ್ತಿತ್ತು, ಆರು ತಿಂಗಳು ಇರುತ್ತಿರಲಿಲ್ಲ.

ನಗಬೇಡಿ, ಅಲ್ಲಿ ನಿಜವಾಗಿಯೂ ಹಾಗೆಯೇ. ಮಳೆಗಾಲದಲ್ಲಿ ಆ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಿದ್ದರು. ಆಗ ಅವರವರ ಗದ್ದೆ ಅವರವರಿಗೆ. ಕೊಯ್ಲು ಮುಗಿದ ಮೇಲೆ ಹೊಳೆಯ ಉಪ್ಪುನೀರನ್ನು ಒಳಗೆ ಬಿಡುತ್ತಿದ್ದರು. ಗದ್ದೆ, ಬದು ಎಲ್ಲ ಮುಳುಗಿ ಒಂದೇ ನೀರಾಗುತ್ತಿತ್ತು. ನೀರಿನ ಜೊತೆ ಸಿಗಡಿ ಬರುತ್ತಿತ್ತು, ಮೀನು ಬರುತ್ತಿತ್ತು. ಮೀನಿಗೆ ಸರ್ವೆ ನಂಬರು ಓದಲು ಬರುವುದಿಲ್ಲ. ಹಾಗಾಗಿ ಆ ಆರು ತಿಂಗಳು ಅಲ್ಲಿ ನಿನ್ನದು ನನ್ನದು ಎಂಬುದಿರಲಿಲ್ಲ.

ಹೊಳೆಗೂ ಗದ್ದೆಗೂ ನಡುವೆ ಮಣ್ಣಿನ ದೊಡ್ಡ ಕಟ್ಟೆ. ಕಟ್ಟೆಯ ಮಧ್ಯದಲ್ಲಿ ಚಿರೆಕಲ್ಲು ಕಟ್ಟಿದ, ನೀರು ಹೋಗಿಬರುವ ಬಾಗಿಲು. ಅದಕ್ಕೆ ಜಂತ್ರಡಿ ಎನ್ನುತ್ತಿದ್ದರು. ಈ ಬಾಗಿಲಿಗೆ ಕದವಿಲ್ಲ, ಒಂದರ ಮೇಲೊಂದು ಕೂರಿಸುವ ಹಲಗೆಗಳಿವೆ. ಭತ್ತದ ಕಾಲದಲ್ಲಿ ಹೊಳೆ ಇಳಿದಾಗ ಹಲಗೆ ತೆಗೆದು, ಗದ್ದೆಯಲ್ಲಿ ನಿಂತ ಮಳೆನೀರನ್ನು ಹೊರಗೆ ಬಿಡಬೇಕು. ಭರತ, ಅಂದರೆ ಸಮುದ್ರದ ಉಬ್ಬರ, ಬಂದು ಹೊಳೆ ಏರುವ ಮೊದಲು ಹಲಗೆ ಹಾಕಿ ಉಪ್ಪುನೀರನ್ನು ತಡೆಯಬೇಕು. ಇದು ದಿನಾ ಮಾಡಬೇಕಾದ ಕೆಲಸ. ಹಬ್ಬಕ್ಕೂ ರಜೆಯಿಲ್ಲ, ಜ್ವರಕ್ಕೂ ರಜೆಯಿಲ್ಲ.

ಈ ಕೆಲಸ ಮನೆಯಿಂದ ಮನೆಗೆ ಸರದಿಯಲ್ಲಿ ಹೋಗುತ್ತಿತ್ತು. ಬೇಸಿಗೆಯಲ್ಲಿ ಜಂತ್ರಡಿಯ ಬಾಯಿಗೆ ಬಲೆ ಕಟ್ಟಿ ಮೀನು ಹಿಡಿಯುವುದಕ್ಕೂ ಅದೇ ಸರದಿ. ಮಳೆಯಲ್ಲಿ ನೆನೆದು ಹಲಗೆ ಹಾಕಿದ ಮನೆಗೆ ಬಿಸಿಲುಕಾಲದಲ್ಲಿ ಮೀನು. ಯಾವಾಗ ಶುರುವಾದದ್ದು ಎಂದು ಯಾರಿಗೂ ಗೊತ್ತಿರಲಿಲ್ಲ. ಯಾರೂ ಬರೆದಿಟ್ಟಿರಲಿಲ್ಲ.

ಜಂತ್ರಡಿಗೆ ಅಂಟಿಕೊಂಡಿದ್ದ ಗದ್ದೆ ಮಾಸ್ತಪ್ಪನದು. ಮಾಸ್ತಪ್ಪ ಕೆಟ್ಟವನಲ್ಲ. ಆದರೆ ಬೇರೆಯವರ ಬಲೆಗೆ ಬಿದ್ದ ಮೀನು ಅವನ ಕಣ್ಣಿಗೆ ಸ್ವಲ್ಪ ದೊಡ್ಡದಾಗಿ ಕಾಣುತ್ತಿತ್ತು. ಈ ಕಾಯಿಲೆ ಅವನೊಬ್ಬನಿಗೇ ಇದ್ದದ್ದು ಎಂದು ನಾನೇನೂ ಹೇಳುವುದಿಲ್ಲ. ಒಂದು ವರ್ಷ ಯಾವುದೋ ಕೆಲಸಕ್ಕೆ ಸರ್ವೆಯವರು ಬಂದರು. ಸರಪಳಿ ಹಿಡಿದು ಅಳೆದವರು ಹೋಗುವಾಗ ಒಂದು ಮಾತು ಹೇಳಿದರು. “ಜಂತ್ರಡಿ ಇರುವುದು ನಿಮ್ಮ ನಂಬರಿನಲ್ಲೇ, ಮಾಸ್ತಪ್ಪನವರೇ.”

ಅಷ್ಟೇ ಸಾಕಾಯಿತು. ಆವತ್ತಿನಿಂದ ಅವನಿಗೆ ಊಟ ಸೇರಲಿಲ್ಲ. ‘ನನ್ನ ಜಾಗದಲ್ಲಿ ಊರಿನವರೆಲ್ಲ ಬಲೆ ಕಟ್ಟುತ್ತಿದ್ದಾರೆ. ಇಷ್ಟು ವರ್ಷ ನಾನು ಕಣ್ಣಿದ್ದೂ ಕುರುಡನಾದೆ’ ಎಂದು ಒಳಗೊಳಗೇ ಕುದಿದ. ಕೊನೆಗೆ ಪೇಟೆಗೆ ಹೋಗಿ ವಕೀಲರನ್ನು ಹಿಡಿದು ಕೋರ್ಟಿನಲ್ಲಿ ದಾವೆ ಹೂಡಿದ.

ಊರಿನವರೆಲ್ಲ ಪ್ರತಿವಾದಿಗಳಾದರು. ಮೊದಲ ಪ್ರತಿವಾದಿ ಬೀರಕ್ಕ. ಗಂಡ ತೀರಿಕೊಂಡವಳು. ಮನೆಯಲ್ಲಿ ಅವಳು ಮತ್ತು ಸೊಸೆ ಗಣಪಿ. ಇದ್ದದ್ದು ಒಂದೇ ಗದ್ದೆ, ಅದೂ ಎಲ್ಲರ ಗದ್ದೆಗಿಂತ ತಗ್ಗಿನಲ್ಲಿ. ಉಪ್ಪುನೀರು ನುಗ್ಗಿದರೆ ಮೊದಲು ಸಾಯುವುದು ಅವಳ ಪೈರು. ಆ ಪೈರೇ ಅವರಿಬ್ಬರ ವರ್ಷದ ಅನ್ನ, ಅದೇ ಮುಂದಿನ ವರ್ಷದ ಬೀಜ. ಹಾಗಾಗಿ ಜಂತ್ರಡಿಯ ವಿಷಯಕ್ಕೆ ಮಾಸ್ತಪ್ಪನ ಜೊತೆ ಎಲ್ಲರಿಗಿಂತ ಜೋರಾಗಿ ಜಗಳವಾಡಿದವಳು ಅವಳೇ.

ಕೋರ್ಟಿನಲ್ಲಿ ಮಾಸ್ತಪ್ಪನ ಕೈಯಲ್ಲಿ ಕಾಗದ ಇತ್ತು. ಊರಿನವರ ಕೈಯಲ್ಲಿ ರೂಢಿ ಮಾತ್ರ ಇತ್ತು. ನ್ಯಾಯಾಧೀಶರು ವಯಸ್ಸಾದವರು, ಮಾತು ಕಡಿಮೆ. ಎರಡೂ ಕಡೆಯ ವಾದ ಕೇಳಿ ಕಡೆಯಲ್ಲಿ ಮಾಸ್ತಪ್ಪನನ್ನು ಹತ್ತಿರ ಕರೆದರು.

“ಗದ್ದೆ ನಿಮ್ಮದು, ಅದರಲ್ಲಿ ತಕರಾರಿಲ್ಲ. ಜಂತ್ರಡಿಯೂ ಬೇಕೋ?”

“ಬೇಕು ಸ್ವಾಮಿ.”

“ಸರದಿಯಲ್ಲಿ ಮೊದಲಿನ ಹಾಗೆ ಹಂಚಿಕೊಳ್ಳಬಹುದಲ್ಲ?”

“ನಂಗೆ ಪೂರ್ತಿ ಬೇಕು ಸ್ವಾಮಿ.”

“ಪೂರ್ತಿ?”

“ಪೂರ್ತಿ.”

ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ಅವನನ್ನು ಒಮ್ಮೆ ನೋಡಿದರು. ಆಮೇಲೆ ತೀರ್ಪು ಬರೆಸಿದರು. ಜಂತ್ರಡಿಯ ಹಕ್ಕು ವಾದಿಯದು. ಹಲಗೆ ಹಾಕುವ, ತೆಗೆಯುವ ಕೆಲಸವೂ ಇನ್ನು ಮೇಲೆ ವಾದಿಯದೇ. ಆ ಕೆಲಸ ತಪ್ಪಿ ಯಾರ ಗದ್ದೆಗೆ ಉಪ್ಪುನೀರು ನುಗ್ಗಿದರೂ ನಷ್ಟವನ್ನು ವಾದಿ ತುಂಬಿಕೊಡಬೇಕು. ವಾದಿಯ ಅನುಮತಿ ಇಲ್ಲದೆ ಪ್ರತಿವಾದಿಗಳು ಯಾರೂ ಆ ಜಾಗಕ್ಕೆ ಕಾಲಿಡಕೂಡದು.

ಮಾಸ್ತಪ್ಪನಿಗೆ ಮೊದಲ ಮಾತು ಕೇಳಿಸಿತು, ಕೊನೆಯ ಮಾತೂ ಕೇಳಿಸಿತು. ನಡುವಿನದು ಕೇಳಿಸಲಿಲ್ಲ. ಗೆದ್ದವರ ಕಿವಿ ಹೀಗೆಯೇ. ಅವನು ಪೇಟೆಯಲ್ಲೇ ಪೇಡೆ ಕೊಂಡು ದಾರಿಯುದ್ದಕ್ಕೂ ಹಂಚಿದ. ಮರುದಿನ ಜಂತ್ರಡಿಯ ಸುತ್ತ ಬೇಲಿ ಬಂತು, ‘ಅಪ್ಪಣೆ ಇಲ್ಲದೆ ಯಾರೂ ಒಳಗೆ ಬರಬಾರದು’ ಎಂಬ ಬೋರ್ಡು ಬಂತು.

ಊರಿನವರು ಅಪ್ಪೀಲು ಹಾಕುವ ಎಂದು ಮಾತಾಡಿಕೊಂಡರು. ಅಷ್ಟರಲ್ಲಿ ಮಳೆ ಹಿಡಿಯಿತು. ಬಿತ್ತುವ ಹೊತ್ತಿನಲ್ಲಿ ಯಾರಿಗೆ ಅಪ್ಪೀಲು ನೆನಪಾಗುತ್ತದೆ? ಎಲ್ಲರೂ ಗದ್ದೆಗೆ ಇಳಿದರು.

ಈಗ ಮಾಸ್ತಪ್ಪನಿಗೆ ಜಂತ್ರಡಿಯ ನಿಜವಾದ ಪರಿಚಯವಾಯಿತು. ಮೊದಲು ವರ್ಷದಲ್ಲಿ ಕೆಲವು ದಿನ ಮಾತ್ರ ಅವನ ಸರದಿ ಬರುತ್ತಿತ್ತು. ಈಗ ದಿನಾ ಅವನದೇ. ಭರತ ಅನ್ನುವುದು ಆಫೀಸಿನ ಗಂಟೆಯಲ್ಲ. ಇವತ್ತು ಊಟಕ್ಕೆ ಮೊದಲು ಬಂದ ನೀರು ನಾಳೆ ಊಟಕ್ಕೆ ಕೂತಾಗ ಬರುತ್ತದೆ, ನಾಡಿದ್ದು ಊಟ ಮುಗಿಸಿ ಮಲಗಿದಾಗ ಬರುತ್ತದೆ. ಒಬ್ಬ ಆಳನ್ನು ಇಟ್ಟುಕೊಂಡ. ಆಳು ಕೆಲವು ದಿನ ನೆನೆದು, ನೆಗಡಿಯಾಗಿ, ಹೇಳದೆ ಕೇಳದೆ ಓಡಿಹೋದ. ಊರಿನ ಬೇರೆ ಯಾರೂ ಕೂಲಿಗೆ ಬರಲಿಲ್ಲ. ಕರೆದರೆ, “ಕೋರ್ಟು ಬರಬೇಡಿ ಅಂದದೆ” ಎಂದು ನಕ್ಕು ಹೋಗುತ್ತಿದ್ದರು. ದಿನಾ ಅವನ ಜೊತೆ ಹಲಗೆ, ಕಲ್ಲು ಎತ್ತಿ ಹೆಂಡತಿಗೂ ಸಾಕಾಯಿತು. “ನನ್ನ ಎಂತಕ್ಕೆ ಕಟ್ಕಂಡ್ರಿ? ಆ ಜಂತ್ರಡಿಯನ್ನೇ ಕಟ್ಕಳ್ಳಬೇಕಿತ್ತು” ಎಂದಳು.

ನೂಲ ಹುಣ್ಣಿಮೆ ಬಂತು. ಹುಣ್ಣಿಮೆ, ಅಮಾವಾಸ್ಯೆಯ ಭರತ ಉಳಿದ ದಿನಗಳದ್ದಕ್ಕಿಂತ ದೊಡ್ಡದು, ನಡು ಮಧ್ಯಾಹ್ನಕ್ಕೆ ತುಂಬಿ ಬರುತ್ತದೆ. ಆವತ್ತು ಮಾಸ್ತಪ್ಪನ ಹೆಂಡತಿಯ ತವರಿನಲ್ಲಿ ಮಗುವಿಗೆ ಹೆಸರಿಡುವ ಕಾರ್ಯ. ಹಿಂದಿನ ದಿನ ಸುರಿದ ಮಳೆಗೆ ಗದ್ದೆ ತುಂಬಿತ್ತು. ಬೆಳಿಗ್ಗೆ ಹೊಳೆ ಇಳಿದಿದ್ದಾಗ ಅವನು ಹಲಗೆಗಳನ್ನೆಲ್ಲ ತೆಗೆದು ನೀರು ಬಿಟ್ಟ. ಬೇಗ ಮುಖ ತೋರಿಸಿ, ಭರತಕ್ಕೆ ಮೊದಲು ವಾಪಸು ಬಂದರಾಯಿತು ಎಂದುಕೊಂಡು ಹೆಂಡತಿಯ ಜೊತೆ ಹೊರಟ. ನೆಂಟರ ಮನೆಯಲ್ಲಿ ಊಟದ ಎಲೆ ಯಾವತ್ತು ಹೇಳಿದ ಹೊತ್ತಿಗೆ ಬಿದ್ದಿದೆ?

ಹೊಳೆ ಏರತೊಡಗಿತು. ಊರಿನವರು ಕಟ್ಟೆಯ ಮೇಲೆ ಸೇರಿದರು. ಜಂತ್ರಡಿ ಬಾಯಿ ತೆರೆದುಕೊಂಡೇ ಇತ್ತು. ಹಲಗೆಗಳು ಪಕ್ಕದಲ್ಲಿ ಬಿದ್ದಿದ್ದವು. ಮಾಸ್ತಪ್ಪನ ಸುಳಿವಿಲ್ಲ.

ಕುಪ್ಪಯ್ಯ ಊರಿಗೆ ಹಿರಿಯ. ಅವನು ಎರಡೂ ಕೈ ಅಗಲಿಸಿ ಎಲ್ಲರನ್ನೂ ತಡೆದ.

“ಯಾರೂ ಇಳೀಬೇಡಿ. ಇಳಿದ್ರೆ ಕೋರ್ಟಿನ ಮಾತು ಮೀರ್ದಂಗೆ. ಉಪ್ಪು ತಿಂದವ ನೀರು ಕುಡೀಲೇಬೇಕು. ಇವತ್ತು ನಮ್ಮ ಬೆಳೆ ಹೋದ್ರೆ ಹೋಗ್ಲಿ. ನಷ್ಟ ಪೂರಾ ಅವನ ತಲೆ ಮೇಲೆ. ಅವನ ಗದ್ದೆ, ಜಂತ್ರಡಿ ಎಲ್ಲಾ ಹರಾಜಾತದೆ. ಆಗ ಬುದ್ಧಿ ಬತ್ತದೆ.”

ಕುಪ್ಪಯ್ಯ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಕಾನೂನು ಅವನ ಕಡೆಗೇ ಇತ್ತು. ಸುಮ್ಮನೆ ನಿಂತು ನೋಡಿದರೆ ಸಾಕು, ಮಾಸ್ತಪ್ಪ ಬೀದಿಗೆ ಬೀಳುತ್ತಿದ್ದ. ಇಷ್ಟು ಸುಲಭದ ಸೇಡು ಯಾರಿಗೆ ಸಿಗುತ್ತದೆ ಹೇಳಿ? ಹಲವರು ತಲೆಯಾಡಿಸಿದರು. ಕೆಲವರಿಗೆ ಒಳಗೆ ಸಂತೋಷವೂ ಆಯಿತು.

ಬೀರಕ್ಕ ತನ್ನ ಗದ್ದೆಯ ಕಡೆ ನೋಡಿದಳು. ನೀರಿನ ನಾಲಿಗೆ ಬದುವಿನ ಹತ್ತಿರ ಬಂದಿತ್ತು.

“ಕುಪ್ಪಣ್ಣಾ, ಅವ ದುಡ್ಡು ಕೊಟ್ರೆ ಗದ್ದೆಯ ಉಪ್ಪು ಹೋತದ್ಯಾ?”

“ಆರ್ಡರ್ ಅದೆ ಬೀರಕ್ಕಾ. ನಿನ್ನ ಜೈಲಿಗೆ ಹಾಕ್ತ್ರು.”

“ಹಾಕ್ಲಿ. ಪೈರು ಈಗ ಬಸುರಿ. ಬಸುರಿಗೆ ಉಪ್ಪುನೀರು ಕುಡ್ಸಿ ಪರಿಹಾರ ತಕಂಬೂದಾ?”

ಅವಳು ಸೀರೆ ಎತ್ತಿ ಕಟ್ಟಿ ಬೇಲಿ ದಾಟಿದಳು. ಹಿಂದೆ ಬರಲು ಹೊರಟ ಗಣಪಿಯನ್ನು ಕೈ ಮಾಡಿ ಅಲ್ಲೇ ನಿಲ್ಲಿಸಿದಳು. ಜೈಲಿಗೆ ಮನೆಯಿಂದ ಒಬ್ಬರು ಸಾಕು ಎಂಬುದು ಅವಳ ಲೆಕ್ಕ. ಮೊಣಕಾಲು ನೀರಿನಲ್ಲಿ ನಿಂತು ಒಂದೊಂದೇ ಹಲಗೆ ಎತ್ತಿ ಕಲ್ಲಿನ ಸೀಳಿಗೆ ಕೂರಿಸಿದಳು. ಮರದ ಹಲಗೆ ನೀರಿನಲ್ಲಿ ತೇಲುತ್ತದೆ. ಅದಕ್ಕೇ ಎಲ್ಲಕ್ಕಿಂತ ಮೇಲಿನ ಹಲಗೆಯ ಮೇಲೆ ಭಾರದ ಕಲ್ಲು ಹೇರುವುದು ರೂಢಿ. ಆ ಕಲ್ಲನ್ನು ಎತ್ತಲು ಇಬ್ಬರು ಬೇಕು. ಬೀರಕ್ಕ ಕಟ್ಟೆಯ ಕಡೆ ಒಮ್ಮೆ ನೋಡಿದಳು. ಯಾರೂ ಇಳಿಯಲಿಲ್ಲ. ಅವಳು ಯಾರನ್ನೂ ಬೈಯಲಿಲ್ಲ. ತಾನೇ ಆ ಹಲಗೆಯ ಮೇಲೆ ಹತ್ತಿ ಕೂತಳು. ಭರತ ತುಂಬಿ, ನಿಂತು, ಮತ್ತೆ ಇಳಿಯುವವರೆಗೂ ಕೂತೇ ಇದ್ದಳು. ಪೈರು ಉಳಿಯಿತು. ಅವಳದಷ್ಟೇ ಅಲ್ಲ, ಇಡೀ ಊರಿನದು. ಮಾಸ್ತಪ್ಪನದೂ ಸೇರಿ.

ಮಾಸ್ತಪ್ಪ ಓಡೋಡಿ ಬಂದಾಗ ನೀರು ಇಳಿದಿತ್ತು. ಬೀರಕ್ಕ ಒದ್ದೆ ಸೀರೆಯಲ್ಲಿ ಮನೆಗೆ ಹೊರಟಿದ್ದಳು.

“ನೀ ಇರ್ಲಿಲ್ಲ ಮಾರಾಯಾ. ಹಲಗೆ ನಾನೇ ಹಾಕ್ದೆ” ಎಂದಳು.

ಅವನಿಗೆ ಆ ಕ್ಷಣ ಕೈ ಮುಗಿಯಬೇಕು ಅನ್ನಿಸಿತು. ಅಷ್ಟರಲ್ಲಿ ಕಟ್ಟೆಯ ಮೇಲಿನಿಂದ ಯಾರೋ ಕೂಗಿದರು. “ಹಕ್ಕು ನಿಂದು, ಕೆಲಸ ಬೀರಕ್ಕಂದು! ಒಳ್ಳೇ ತೀರ್ಪು!” ಎಲ್ಲರೂ ನಕ್ಕರು. ಮಾಸ್ತಪ್ಪನ ಮುಖ ಕೆಂಪಾಯಿತು. ಮುಗಿಯಲು ಎತ್ತಿದ ಕೈ ಅಲ್ಲೇ ನಿಂತಿತು. ಮರುದಿನವೇ ಪೇಟೆಗೆ ಹೋಗಿ, ಬೀರಕ್ಕ ಕೋರ್ಟಿನ ಆದೇಶ ಮುರಿದಿದ್ದಾಳೆ, ಅವಳಿಗೆ ಶಿಕ್ಷೆಯಾಗಬೇಕು ಎಂದು ಅರ್ಜಿ ಹಾಕಿದ.

ಅರ್ಜಿಯ ವಿಚಾರಣೆ ಅಮಾವಾಸ್ಯೆಯ ದಿನ ಬಂತು. ಬೀರಕ್ಕ ಮೊದಲ ಬಸ್ಸಿಗೇ ಹೋಗಿ ಕೋರ್ಟಿನ ಜಗುಲಿಯಲ್ಲಿ ಕೂತಿದ್ದಳು. ಮಾಸ್ತಪ್ಪ ಅದರ ಹಿಂದಿನ ಬಸ್ಸಿಗೆ ಬಂದ. ಹೆಸರು ಕೂಗಿದಾಗ ಹೊತ್ತು ಸಾಕಷ್ಟು ಏರಿತ್ತು.

“ಬೀರಮ್ಮ, ಆ ಜಾಗಕ್ಕೆ ಇಳಿದದ್ದು ಹೌದೋ?” ಎಂದು ನ್ಯಾಯಾಧೀಶರು ಕೇಳಿದರು.

“ಹೌದು ಸ್ವಾಮಿ.”

“ಇಳಿಯಬಾರದು ಎಂಬ ಆದೇಶ ಗೊತ್ತಿತ್ತೋ?”

“ನಂಗೆ ಗೊತ್ತಿತ್ತು. ನೀರಿಗೆ ಗೊತ್ತಿರ್ಲಿಲ್ಲ ಸ್ವಾಮಿ.”

ಕೋರ್ಟಿನಲ್ಲಿದ್ದವರು ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಅರ್ಜಿಯನ್ನು ಕೈಗೆತ್ತಿಕೊಂಡು ಮಾಸ್ತಪ್ಪನ ಕಡೆ ತಿರುಗಿದರು.

“ನೀವೇ ಇದರಲ್ಲಿ ಬರೆಸಿದ್ದೀರಿ. ‘ನಾನು ಊರಿನಲ್ಲಿ ಇಲ್ಲದಾಗ, ಜಂತ್ರಡಿ ತೆರೆದಿದ್ದಾಗ, ಪ್ರತಿವಾದಿ ಒಳಗೆ ನುಗ್ಗಿ ಹಲಗೆ ಹಾಕಿದ್ದಾಳೆ.’ ಅಂದರೆ ಹುಣ್ಣಿಮೆಯ ಭರತಕ್ಕೆ ಜಂತ್ರಡಿ ತೆರೆದಿಟ್ಟು ಹೋದವರು ನೀವು.”

ಮಾಸ್ತಪ್ಪ ತನ್ನ ವಕೀಲರ ಮುಖ ನೋಡಿದ. ವಕೀಲರು ಫ್ಯಾನು ನೋಡುತ್ತಿದ್ದರು.

“ಈಕೆ ನನ್ನ ಆದೇಶವನ್ನು ಪಾಲಿಸಿದ್ದರೆ, ಇವತ್ತು ಊರಿಗೆ ಊರೇ ನಿಮ್ಮ ಮೇಲೆ ನಷ್ಟದ ದಾವೆ ಹಾಕಿರುತ್ತಿತ್ತು. ನಿಮ್ಮ ಗದ್ದೆ ಹೋಗುತ್ತಿತ್ತು. ನಿಮ್ಮನ್ನು ಉಳಿಸಿದವಳಿಗೆ ಶಿಕ್ಷೆ ಕೊಡಿ ಎಂದು ನನ್ನ ಹತ್ತಿರ ಬಂದಿದ್ದೀರಿ.”

ಮಾಸ್ತಪ್ಪ ತಲೆ ತಗ್ಗಿಸಿದ. ನ್ಯಾಯಾಧೀಶರು ಮುಂದುವರಿಸಿದರು.

“ಆದರೂ ಆದೇಶ ಆದೇಶವೇ. ಒಳ್ಳೆಯದಕ್ಕೇ ಮುರಿದರೂ ಮುರಿದದ್ದು ಮುರಿದದ್ದೇ. ಬೀರಮ್ಮನಿಗೆ ಶಿಕ್ಷೆ ವಿಧಿಸಿದ್ದೇನೆ. ಕೋರ್ಟು ಏಳುವವರೆಗೆ ಆ ಬೆಂಚಿನ ಮೇಲೆ ಕೂತಿರಬೇಕು.”

ಬೀರಕ್ಕ ಹೋಗಿ ಬೆಂಚಿನ ಮೇಲೆ ಕೂತಳು. ಕೂತವಳ ಕಣ್ಣು ಗೋಡೆಯ ಗಡಿಯಾರದ ಮೇಲೆ ಬಿತ್ತು. ಥಟ್ಟನೆ ಎದ್ದು ನಿಂತಳು.

“ಸ್ವಾಮಿ, ಕೂರೂಕೆ ಅಡ್ಡಿಲ್ಲ. ಇವತ್ತು ಅಮಾಸೆ. ನಾನಿಲ್ಲಿ, ಮಾಸ್ತಪ್ಪ ಇಲ್ಲಿ. ಜಂತ್ರಡಿಗೆ ಹಲಗೆ ಹಾಕೂದು ಯಾರು?”

ಎಲ್ಲರೂ ಮಾಸ್ತಪ್ಪನನ್ನು ನೋಡಿದರು. ಬೆಳಿಗ್ಗೆ ಹಲಗೆ ತೆಗೆದು ನೀರು ಬಿಟ್ಟು ಬಂದಿದ್ದ. ಕೋರ್ಟಿನ ಕೆಲಸ ಬೇಗ ಮುಗಿದೀತು ಎಂದುಕೊಂಡಿದ್ದ. ಬೀರಕ್ಕನಿಗೆ ಶಿಕ್ಷೆ ಕೊಡಿಸುವ ಆತುರದಲ್ಲಿ ಅದೇ ತಪ್ಪನ್ನು ಎರಡನೇ ಸಲ ಮಾಡಿದ್ದ.

“ಈಗ ಹೊರಟ್ರೂ ನೀರು ಮುಂದೆ, ನಾನು ಹಿಂದೆ ಸ್ವಾಮಿ” ಎಂದ.

“ಊರಿನಲ್ಲಿ ಜನ ಇದ್ದಾರಲ್ಲ?”

“ಇದ್ದಾರೆ. ಆದ್ರೆ ಅವ್ರು ಇಳಿಯೂ ಹಂಗಿಲ್ಲ. ಆರ್ಡರ್…”

“ವಾದಿಯ ಅನುಮತಿ ಇಲ್ಲದೆ ಇಳಿಯಬಾರದು ಎಂದು ಬರೆದಿದ್ದೇನೆ. ಅನುಮತಿ ಕೊಡುವುದಕ್ಕೆ ಸ್ಟಾಂಪು ಕಾಗದ ಬೇಡ, ಬಾಯಿ ಬೇಕು. ಫೋನು ಮಾಡಿ.”

ಮಾಸ್ತಪ್ಪ ಫೋನು ತೆಗೆದ. ಯಾರಿಗೆ ಮಾಡುವುದು? ಹೆಂಡತಿ ಹಿಂದಿನ ದಿನವೇ ತವರಿಗೆ ಹೋಗಿದ್ದಳು. ದಾವೆ ಹೂಡಿದ ಮೇಲೆ ಊರಿನ ಯಾರ ನಂಬರನ್ನೂ ಅವನು ಇಟ್ಟುಕೊಂಡಿರಲಿಲ್ಲ. ಬೆಂಚಿನ ಕಡೆ ನೋಡಿದ. ಬೀರಕ್ಕ ಸೊಸೆಯ ನಂಬರು ಹೇಳಿದಳು.

ಗಣಪಿ ಫೋನು ಎತ್ತಿದಳು. ಮಾಸ್ತಪ್ಪನ ದನಿ ಕೇಳಿದ್ದೇ ಗಾಬರಿಯಾದಳು.

“ಅತ್ತೆಗೆ ಎಂತಾ ಮಾಡಿದ್ರಿ? ಜೈಲಿಗೆ ಹಾಕಿದ್ರಾ?”

“ಇಲ್ಲ ಗಣಪೀ, ಇಲ್ಲೇ ಕೂತಿದ್ರು. ಜಂತ್ರಡಿ ತೆರ್ದೇ ಅದೆ. ಹಲಗೆ ಹಾಕಿ.”

“ನೀರು ಏರ್ತಾ ಅದೆ. ಎಲ್ಲರೂ ಕಟ್ಟೆ ಮೇಲೇ ನಿಂತಿದ್ರು. ಆದ್ರೆ ನಾವು ಹೆಂಗೆ ಹಾಕೂದು? ಅದು ನಿಮ್ದಲ್ವಾ?”

ಅವಳು ಚುಚ್ಚಲು ಕೇಳಿದ್ದಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದಳು. ಅದಕ್ಕೇ ಆ ಮಾತು ಮಾಸ್ತಪ್ಪನ ಎದೆಗೆ ನಾಟಿತು. ಇಷ್ಟು ದಿನ ಕೋರ್ಟಿನಲ್ಲಿ, ಪೇಟೆಯಲ್ಲಿ, ಬೋರ್ಡಿನ ಮೇಲೆ ‘ನನ್ನದು’ ಎಂದು ಹೇಳಿಕೊಂಡವನಿಗೆ ಈಗ ಆ ಒಂದು ಶಬ್ದ ಗಂಟಲಿಗೆ ಮುಳ್ಳಾಯಿತು.

“ನಂದು ಅಂದದ್ದೇ ತಪ್ಪಾಯ್ತು” ಎಂದ. “ಅದು ಎಲ್ಲರದ್ದು. ಕುಪ್ಪಣ್ಣಂಗೆ ಹೇಳು, ಎಲ್ಲರೂ ಇಳೀರಿ. ಬೇಲಿ ಅಡ್ಡ ಬಂದ್ರೆ ಕಿತ್ತು ಬಿಸಾಡಿ.”

ಫೋನು ಕಟ್ಟಾಯಿತು. ನ್ಯಾಯಾಧೀಶರು ಬೇರೆ ಕೇಸು ಕರೆದರು. ಮಾಸ್ತಪ್ಪ ಹೊರಗೆ ಹೋಗಲಿಲ್ಲ. ಬೀರಕ್ಕ ಕೂತಿದ್ದ ಬೆಂಚಿನ ಹತ್ತಿರ ಹೋಗಿ ನಿಂತ. ಅವಳು ಸ್ವಲ್ಪ ಸರಿದು ಜಾಗ ಕೊಟ್ಟಳು. ಯಾರೂ ಶಿಕ್ಷೆ ಹೇಳದಿದ್ದರೂ ಅವನೂ ಅಲ್ಲಿ ಕೂತ. ಕೇಸುಗಳು ಬಂದವು, ಹೋದವು. ಅವರಿಬ್ಬರ ಕಣ್ಣು ಗಡಿಯಾರದ ಮೇಲೆ, ಕಿವಿ ಫೋನಿನ ಮೇಲೆ.

ಕಡೆಗೂ ಫೋನು ಬಡಿದುಕೊಂಡಿತು. ಕೋರ್ಟಿನಲ್ಲಿ ಫೋನು ಬಡಿದರೆ ಸಾಮಾನ್ಯವಾಗಿ ದಂಡ. ಆವತ್ತು ನ್ಯಾಯಾಧೀಶರು ತಾವೇ ಮಾತು ನಿಲ್ಲಿಸಿ, ಎತ್ತಿ ಎಂದು ಸನ್ನೆ ಮಾಡಿದರು. ಗಣಪಿಯ ದನಿ ಎಲ್ಲರಿಗೂ ಕೇಳುವಷ್ಟು ಜೋರಾಗಿತ್ತು.

“ಹಲಗೆ ಕೂತ್ತು! ಒಂದು ಗದ್ದೆಗೂ ನೀರು ಹೊಗ್ಲಿಲ್ಲ. ಕಲ್ಲು ಹೇರಿ ಅಂದ್ರೆ ಕುಪ್ಪಣ್ಣ ಕೇಳ್ಲಿಲ್ಲ, ತಾವೇ ಹಲಗೆ ಮೇಲೆ ಹತ್ತಿ ಕೂತಿದ್ರು. ‘ಅವತ್ತು ನಾ ಇಳೀಬೇಕಿತ್ತು, ಇಳೀಲಿಲ್ಲ, ಇವತ್ತು ನೀರು ಇಳಿಯೂ ತನಕ ಏಳೂದಿಲ್ಲ’ ಹೇಳ್ತ್ರು.”

ಬೀರಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮಾಸ್ತಪ್ಪ ಅಂದು ಅರ್ಧಕ್ಕೆ ನಿಂತಿದ್ದ ಕೈಗಳನ್ನು ಈಗ ಪೂರ್ತಿ ಮುಗಿದ.

ನ್ಯಾಯಾಧೀಶರು ಫೈಲು ಮುಚ್ಚಿ ಎದ್ದು ನಿಂತರು. “ಕೋರ್ಟು ಎದ್ದಿದೆ. ಬೀರಮ್ಮನ ಶಿಕ್ಷೆ ಮುಗಿಯಿತು.”

“ಸ್ವಾಮಿ, ಇದು ಊಟದ ವಿರಾಮ” ಎಂದು ಗುಮಾಸ್ತ ಮೆಲ್ಲಗೆ ನೆನಪಿಸಿದ.

“ಊಟಕ್ಕೆ ಎದ್ದರೂ ಎದ್ದಂತೆಯೇ” ಎಂದರು ನ್ಯಾಯಾಧೀಶರು.

ಊಟದ ನಂತರ ಮಾಸ್ತಪ್ಪ ಮತ್ತೆ ಒಳಗೆ ಹೋಗಿ ಕೈ ಕಟ್ಟಿ ನಿಂತ. “ಸ್ವಾಮಿ, ಗೆದ್ದದ್ದು ಸಾಕಾಯ್ತು. ರಾಜಿ ಬರ್ಸಿಕೊಳ್ಳಿ” ಎಂದ. ಗದ್ದೆ ಮಾಸ್ತಪ್ಪನದು, ಜಂತ್ರಡಿಯ ಕೆಲಸ ಮತ್ತು ಮೀನು ಮೊದಲಿನ ಹಾಗೆ ಊರಿನ ಸರದಿಗೆ ಎಂದು ರಾಜಿಯಾಯಿತು. ಎಷ್ಟೋ ಕಾಲದಿಂದ ನಡೆದು ಬಂದ ರೂಢಿಗೆ ಅಂದು ಮೊದಲ ಸಲ ಒಂದು ಕಾಗದ ಸಿಕ್ಕಿತು.

ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ಊರಿಗೆ ಬಂದರು. ಇಳಿಯುವಾಗ ಮಾಸ್ತಪ್ಪ ಕೇಳಿದ.

“ಬೀರಕ್ಕಾ, ನಾಳೆ ಸರದಿ ಯಾರದ್ದು?”

“ನಂದು.”

“ಕಲ್ಲು ಎತ್ತೂಕೆ ಇಬ್ಬರು ಬೇಕಲ್ಲ. ನಾ ಬತ್ತೆ.”

ನೀತಿ: ‘ಇದು ಯಾರದು’ ಎಂಬುದನ್ನು ಕೋರ್ಟು ಹೇಳಬಲ್ಲದು. ಅದನ್ನು ಹೊರುವಾಗ ಜೊತೆಗೆ ಯಾರು ಬರುತ್ತಾರೆ ಎಂಬುದು ನಾವು ನೆರೆಯವರೊಡನೆ ಹೇಗೆ ಬಾಳಿದ್ದೇವೆ ಎನ್ನುವುದರ ಮೇಲಿದೆ. ಒಬ್ಬರೇ ಹೊರಲಾಗದ್ದನ್ನು ಒಬ್ಬರೇ ಗೆಲ್ಲಲು ಹೋಗಬಾರದು.